ವಾಲ್ವ್‌ಮನ್‌ಗೂ ಒಂದು ಪಾಸ್‌ಪೋರ್ಟ್ ಮಾಡಿಸಿ

(ಅಧ್ಯಯನ ಪ್ರವಾಸಕ್ಕೆ ಹೊರಡುವ ನೀರಿನ ಎಂಜಿನಿಯರುಗಳಿಗೆ ಬಹಿರಂಗ ಪತ್ರ)

ಜಲಮಂಡಳಿ ಮತ್ತು ನಗರಪಾಲಿಕೆಗಳ ಎಂಜಿನಿಯರ್ ಮಿತ್ರರೇ,

ನೀರಿನ ನಿರ್ವಹಣೆ ಕಲಿಯಲು ನಿಮ್ಮಲ್ಲಿ ಕೆಲವರು ಹೊರದೇಶಕ್ಕೆ ಹೋಗುತ್ತೀರೆಂಬ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತಿರುತ್ತದೆ. ಬಂದ ಮರುದಿನವೇ ಆಡಿಕೊಳ್ಳುವ ಮಾತೂ ಶುರುವಾಗುತ್ತದೆ. ಜನರ ದುಡ್ಡಲ್ಲಿ ಫಾರಿನ್ ಟೂರು, ಇಲ್ಲಿ ನಲ್ಲಿಯಲ್ಲಿ ಗಾಳಿ ಬರುತ್ತಿದ್ದರೆ ಇವರಿಗೆ ಅಲ್ಲಿ ಕಾರಂಜಿ ನೋಡುವ ಯೋಗ, ಇತ್ಯಾದಿ. ನಾನು ಆ ಗುಂಪಿನವಳಲ್ಲ. ಧಾರವಾಡದಲ್ಲಿ ಹುಟ್ಟಿ, ಬೆಂಗಳೂರಿನ ಪೂರ್ವದ ಅಂಚಿನಲ್ಲಿ ಸಂಸಾರ ಹೂಡಿ, ಎರಡೂ ಕಡೆ ನೀರು ಹಿಡಿದು ಬದುಕಿದವಳು. ಹೋಗಿ ಬನ್ನಿ ಎಂದೇ ಹೇಳುತ್ತೇನೆ. ಆದರೆ ಹೋದಲ್ಲಿ ಏನು ನೋಡಬೇಕು, ಯಾರನ್ನು ಕೇಳಬೇಕು ಎಂಬ ಬಗ್ಗೆ ಬಳಕೆದಾರಳಾಗಿ ನನ್ನದೂ ಕೆಲವು ಬೇಡಿಕೆಗಳಿವೆ.

ನಿಮ್ಮ ಕಚೇರಿಯ ಗೋಡೆಯಲ್ಲಿ ಪೇಟ ಧರಿಸಿ ಕೂತಿರುವ ವಿಶ್ವೇಶ್ವರಯ್ಯನವರು ಊರೂರು ತಿರುಗಿ ಕಲಿತವರೇ. ಸಿಂಧ್ ಪ್ರಾಂತ್ಯದ ಸುಕ್ಕೂರಿನಲ್ಲಿ ಅವರು ಕುಡಿಯುವ ನೀರಿನ ಕೆಲಸ ಮುಗಿಸಿದ್ದು 1895ರಲ್ಲಿ. ಸಿಂಧೂ ನದಿಯದು ಕೆಸರು ನೀರು. ಅದನ್ನು ಸೋಸುವ ತೊಟ್ಟಿಗಳನ್ನು ಕಟ್ಟಿಸಲು ಪುರಸಭೆಯ ಹತ್ತಿರ ದುಡ್ಡಿರಲಿಲ್ಲ. ಇವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನ ಮೂಲಕ ತಾನಾಗಿ ಸೋಸಿ ಬಂದ ನೀರನ್ನು ಎತ್ತಿಸಿದರು. 1906ರಲ್ಲಿ ಸರ್ಕಾರ ಅವರನ್ನು ನೀರು ಮತ್ತು ಒಳಚರಂಡಿಯ ಸಲಹೆಗೆಂದು ಏಡನ್ನಿಗೆ ಕಳಿಸಿತು. 1908ರಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದಾಗ ಅವರು ವಿದೇಶ ಪ್ರವಾಸದಲ್ಲಿದ್ದರು, ನಿಜಾಮರ ಸರ್ಕಾರ ಅಲ್ಲಿಗೇ ಕರೆ ಕಳಿಸಿತು. ಅವರ ಸಲಹೆಯಿಂದ ಮುಂದೆ ಎದ್ದು ನಿಂತ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಪ್ರವಾಹವನ್ನೂ ತಡೆದವು, ಕುಡಿಯುವ ನೀರನ್ನೂ ಕೊಟ್ಟವು. ಸುಕ್ಕೂರಿನ ಬಾವಿ ನನಗೆ ಇವೆಲ್ಲಕ್ಕಿಂತ ಹೆಚ್ಚು ಇಷ್ಟ. ಊರಿನ ಗಂಟು ಎಷ್ಟಿದೆ ಎಂದು ನೋಡಿಕೊಂಡು ಮಾಡಿದ ಕೆಲಸ ಅದು.

ಈಗ ನಿಮ್ಮ ಪ್ರವಾಸಕ್ಕೆ ಬರೋಣ. ಪಟ್ಟಿಯಲ್ಲಿ ಸಿಂಗಪುರ ಇದ್ದೇ ಇರುತ್ತದೆ. ಹತ್ತಿರದ ಊರು, ಸ್ವಚ್ಛ ಬೀದಿ, ಲಿಟಲ್ ಇಂಡಿಯಾದಲ್ಲಿ ಮಸಾಲೆ ದೋಸೆಗೂ ಕೊರತೆಯಿಲ್ಲ. ಕರೆದೊಯ್ದವರು ಮರೀನಾ ಬ್ಯಾರೇಜ್ ತೋರಿಸುತ್ತಾರೆ, ಕೊಳಚೆ ನೀರನ್ನು ಕುಡಿಯುವಷ್ಟು ತಿಳಿಯಾಗಿಸುವ ಮೆಂಬ್ರೇನ್ ತೋರಿಸುತ್ತಾರೆ. ನೀವು ಅವರನ್ನು 1974ರ ಬಗ್ಗೆ ಕೇಳಿ. ಆ ವರ್ಷವೇ ಅವರು ಅಂಥದೊಂದು ಪ್ರಾಯೋಗಿಕ ಘಟಕ ಕಟ್ಟಿದ್ದರು. ಖರ್ಚು ವಿಪರೀತ, ಯಂತ್ರವನ್ನು ನಂಬುವಂತಿಲ್ಲ ಎಂದು ಮುಚ್ಚಿದರು. ಮತ್ತೆ ಕೈ ಹಾಕಿದ್ದು 1998ರಲ್ಲಿ. ‘ನ್ಯೂವಾಟರ್’ ಎಂಬ ಹೆಸರು ಹೊತ್ತು ಬಳಕೆಗೆ ಬಂದದ್ದು 2003ರಲ್ಲಿ. ನಡುವಿನ ಕಾಲದಲ್ಲಿ ಸುಮ್ಮನೆ ಕೂತಿರಲಿಲ್ಲ. 1977ರಿಂದ ಹತ್ತು ವರ್ಷ ಪಟ್ಟು ಹಿಡಿದು ನದಿ ತೊಳೆದರು, ದಡದ ಹಂದಿ ಸಾಕಣೆಯನ್ನೂ ಬೀದಿ ಬದಿಯ ಅಡುಗೆ ಅಂಗಡಿಗಳನ್ನೂ ಬೇರೆಡೆಗೆ ಸಾಗಿಸಿದರು, ಮನೆಮನೆಗೆ ಒಳಚರಂಡಿ ಜೋಡಿಸಿದರು. ಆಮೇಲೆ 2001ರಲ್ಲಿ ಕುಡಿಯುವ ನೀರು, ಒಳಚರಂಡಿ, ಮಳೆನೀರಿನ ಚರಂಡಿ ಮೂರನ್ನೂ ಪಿಯುಬಿ ಎಂಬ ಒಂದೇ ಸಂಸ್ಥೆಯ ಕೈಗೆ ಕೊಟ್ಟರು. ಒಂದು ಹನಿ ಮೋಡದಿಂದ ಬಿದ್ದು ಸಮುದ್ರ ಸೇರುವ ತನಕ ಅದಕ್ಕೆ ಯಜಮಾನರು ಒಬ್ಬರೇ.

ನಮ್ಮ ಬೆಂಗಳೂರನ್ನು ನೋಡಿ. ನಲ್ಲಿ ಮತ್ತು ಒಳಚರಂಡಿ ಜಲಮಂಡಳಿಯದು. ರಾಜಕಾಲುವೆ ಪಾಲಿಕೆಯದು, ಆ ಪಾಲಿಕೆಯೂ 2025ರ ಸೆಪ್ಟೆಂಬರಿನಿಂದ ಐದಾಗಿದೆ. ಒಂದೊಂದು ಕೆರೆಗೆ ಒಬ್ಬೊಬ್ಬ ಯಜಮಾನರು. ಶುದ್ಧೀಕರಿಸಿದ ಕೊಳಚೆ ನೀರನ್ನು ಕೋಲಾರಕ್ಕೆ ಒಯ್ಯುವ ಕೊಳವೆ ಸಣ್ಣ ನೀರಾವರಿ ಇಲಾಖೆಯದು. ಮ್ಯಾನ್‌ಹೋಲ್ ಉಕ್ಕಿ ರಾಜಕಾಲುವೆಗೆ ಹರಿದರೆ ಯಾರಿಗೆ ಫೋನ್ ಮಾಡಬೇಕೆಂದು ನಮ್ಮ ಬೀದಿಯಲ್ಲಿ ಇವತ್ತಿಗೂ ವಾಗ್ವಾದ ನಡೆಯುತ್ತದೆ. ಮೆಂಬ್ರೇನನ್ನು ಟೆಂಡರ್ ಕರೆದು ತರಿಸಬಹುದು. ಒಂದೇ ಮೇಜಿನ ಮುಂದೆ ಮೂರು ಇಲಾಖೆ ಕೂರುವ ಪದ್ಧತಿಯನ್ನು ಯಾವ ಟೆಂಡರಿನಲ್ಲಿ ತರಿಸುತ್ತೀರಿ? ಸಿಂಗಪುರದವರು ಅದನ್ನು ಸಾಧಿಸುವಾಗ ಯಾವ ಇಲಾಖೆ ಅಧಿಕಾರ ಬಿಟ್ಟುಕೊಟ್ಟಿತು, ಯಾರು ಮುನಿಸಿಕೊಂಡರು, ನೌಕರರ ಸೇವಾ ಹಿರಿತನವನ್ನು ಹೇಗೆ ಲೆಕ್ಕ ಹಾಕಿದರು ಎಂದು ಕೇಳಿ. ಅದನ್ನು ಬಲ್ಲವರು ನಿವೃತ್ತರಾಗಿರಬಹುದು. ಕಾಫಿಗೆ ಕರೆಯಿರಿ.

ಹಾಗೆಯೇ, ಸಿಂಗಪುರದವರ ಭಯವನ್ನೂ ಅರ್ಥ ಮಾಡಿಕೊಳ್ಳಿ. ಮಲೇಷ್ಯಾದ ಜೋಹೋರ್‌ನಿಂದ ನೀರು ತರಿಸಿಕೊಳ್ಳುವ 1962ರ ಒಪ್ಪಂದ 2061ಕ್ಕೆ ಮುಗಿಯುತ್ತದೆ. ಆ ತಾರೀಕು ಅವರ ಕಣ್ಣೆದುರು ಸದಾ ತೂಗುತ್ತಿರುತ್ತದೆ. ನಮಗೂ ಅಂಥದೊಂದು ಮಿತಿ ಇದೆ, ನಾವು ಅದನ್ನು ಗೋಡೆಗೆ ತೂಗುಹಾಕಿಲ್ಲ ಅಷ್ಟೆ. 2018ರ ಫೆಬ್ರುವರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯಲ್ಲಿ ಬೆಂಗಳೂರಿನ ಹೆಸರಿಗೆ ಬಂದದ್ದು 4.75 ಟಿಎಂಸಿ. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚು ಬಂತು, 110 ಹಳ್ಳಿಗಳಿಗೆ ಕಾವೇರಿ ತಲುಪುವ ದಾರಿಯಾಯಿತು. ಸಂತೋಷ. ಆರನೇ ಹಂತ, ಏಳನೇ ಹಂತ ಎಂದು ಎಣಿಸುತ್ತಾ ಹೋಗಲು ನದಿಯೂ ಬೇಕು, ತಮಿಳುನಾಡಿನ ಜೊತೆ ಮಂಡ್ಯದ ರೈತರೂ ಒಪ್ಪಬೇಕು.

ಮರುಬಳಕೆಯನ್ನೇ ಕಲಿಯಬೇಕೆಂದಿದ್ದರೆ ನಮೀಬಿಯಾದ ವಿಂಡ್‌ಹುಕ್‌ಗೆ ಹೋಗಿ. ಮರುಭೂಮಿಯ ಅಂಚಿನ ಆ ಊರು 1968ರಿಂದ, ಅಂದರೆ ಸಿಂಗಪುರಕ್ಕಿಂತ ಮೂರೂವರೆ ದಶಕ ಮೊದಲಿನಿಂದ, ಶುದ್ಧೀಕರಿಸಿದ ಕೊಳಚೆ ನೀರನ್ನು ನೇರವಾಗಿ ಕುಡಿಯುವ ನೀರಿಗೆ ಬೆರೆಸುತ್ತಿದೆ. ಗೊರೆಯಂಗಾಬ್‌ನ ಹೊಸ ಘಟಕ ಬಂದದ್ದು 2002ರಲ್ಲಿ. ಅಲ್ಲಿನ ಗುಟ್ಟು ಘಟಕದ ಒಳಗಿರುವುದಕ್ಕಿಂತ ಹೆಚ್ಚಾಗಿ ಹೊರಗಿನ ಕೊಳವೆಯಲ್ಲಿದೆ. ಕಾರ್ಖಾನೆಯ ತ್ಯಾಜ್ಯ ಒಂದು ಕೊಳವೆ, ಮನೆಗಳ ತ್ಯಾಜ್ಯ ಇನ್ನೊಂದು ಕೊಳವೆ. ಎರಡೂ ಎಲ್ಲಿಯೂ ಸೇರದಂತೆ ಮೊದಲಿಂದಲೂ ನೋಡಿಕೊಂಡಿದ್ದಾರೆ. ಮನೆಯ ಕೊಳಚೆಯನ್ನು ತೊಳೆಯಬಹುದು, ಅದರಲ್ಲಿ ಬಣ್ಣ, ಆಮ್ಲ, ಲೋಹ ಸೇರಿದ ಮೇಲೆ ಯಾವ ಯಂತ್ರಕ್ಕೂ ಕಷ್ಟ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನೂ, ಕೆರೆಗೇ ಬೆಂಕಿ ಬಿದ್ದದ್ದನ್ನೂ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿಂಡ್‌ಹುಕ್‌ಗೆ ಬೆಂಗಳೂರಿನಿಂದ ನೇರ ವಿಮಾನವಿಲ್ಲ, ಶಾಪಿಂಗ್ ಮಾಲೂ ಅಷ್ಟಕ್ಕಷ್ಟೆ. ಆದ್ದರಿಂದಲೇ ಹೋಗಬೇಕಾದ ಊರು.

ಇನ್ನು ಈ ಪತ್ರ ಬರೆಯಲು ಮುಖ್ಯ ಕಾರಣವಾದ ಊರಿನ ಹೆಸರು ಹೇಳುತ್ತೇನೆ. ನಾಮ್ ಪೆನ್, ಕಾಂಬೋಡಿಯಾದ ರಾಜಧಾನಿ. ಒಂದೇ ಊರಿಗೆ ಹೋಗಲು ಬಜೆಟ್ ಇದೆ ಎಂದರೆ ಅಲ್ಲಿಗೆ ಹೋಗಿ.

1975ರಲ್ಲಿ ಖ್ಮೇರ್ ರೂಜ್ ಆಡಳಿತ ಆ ಊರನ್ನು ಖಾಲಿ ಮಾಡಿಸಿತು. ನಾಲ್ಕು ವರ್ಷದ ನಂತರ ಜನ ಮರಳಿದಾಗ ನೀರಿನ ವ್ಯವಸ್ಥೆ ಬಲ್ಲವರು ಬಹುತೇಕ ಉಳಿದಿರಲಿಲ್ಲ, ಕೊಳವೆ ಎಲ್ಲೆಲ್ಲಿ ಹೋಗಿದೆ ಎಂದು ತೋರಿಸುವ ನಕ್ಷೆಯೂ ಇರಲಿಲ್ಲ. 1993ರಲ್ಲಿ ಎಕ್ ಸೊನ್ ಚಾನ್ ಎಂಬ ಎಂಜಿನಿಯರ್ ನೀರು ಸರಬರಾಜು ಪ್ರಾಧಿಕಾರದ ಮುಖ್ಯಸ್ಥರಾದಾಗ, ಘಟಕದಿಂದ ಬಿಟ್ಟ 100 ಲೀಟರಿನಲ್ಲಿ 72 ಲೀಟರಿಗೆ ಲೆಕ್ಕ ಸಿಗುತ್ತಿರಲಿಲ್ಲ. ಒಂದಿಷ್ಟು ಸೋರಿಕೆ, ಒಂದಿಷ್ಟು ಕಳವು. ಕಳವಿನಲ್ಲಿ ನೌಕರರದೂ ಕೈ. ದಿನಕ್ಕೆ ಹತ್ತು ತಾಸು ನೀರು, ಅದೂ ಊರಿನ ಒಂದು ಭಾಗಕ್ಕೆ ಮಾತ್ರ. ಅವರು ಮೊದಲು ಮಾಡಿದ ಕೆಲಸ ಮನೆಮನೆಗೆ ಜನ ಕಳಿಸಿ ಲೆಕ್ಕ ಬರೆಸಿದ್ದು. ಪುಸ್ತಕದಲ್ಲಿ ಹೆಸರಿದ್ದ ಎಷ್ಟೋ ಮನೆಗಳಿಗೆ ನೀರಿರಲಿಲ್ಲ, ನೀರು ಬರುತ್ತಿದ್ದ ಎಷ್ಟೋ ಮನೆಗಳ ಹೆಸರು ಪುಸ್ತಕದಲ್ಲಿರಲಿಲ್ಲ. ಲೆಕ್ಕ ತಿಳಿಯಾದ ಮೇಲೆ ಪ್ರತಿ ಸಂಪರ್ಕಕ್ಕೂ ಮೀಟರ್ ಹಾಕಿಸಿದರು. ಕಳ್ಳ ಸಂಪರ್ಕ ತೋರಿಸಿಕೊಟ್ಟವರಿಗೆ ಬಹುಮಾನ, ಅದು ಯಾರ ಸರಹದ್ದಿನಲ್ಲಿ ಸಿಕ್ಕಿತೋ ಆ ಇನ್‌ಸ್ಪೆಕ್ಟರಿಗೆ ದಂಡ. ಸೋರಿಕೆಯ ದೂರು ಬಂದರೆ ರಾತ್ರಿಯೂ ಹೊರಡುವ ತಂಡ. ಬಡವರಿಗೆ ಸಂಪರ್ಕ ಶುಲ್ಕದಲ್ಲಿ ಭಾರೀ ರಿಯಾಯಿತಿ, ತೀರಾ ಇಲ್ಲದವರಿಗೆ ಪೂರ್ತಿ ಮಾಫಿ. ಸರ್ಕಾರಿ ಕಚೇರಿಗಳಿಗೂ ಬಿಲ್ಲು.

ಬಾಕಿ ಉಳಿಸಿಕೊಂಡ ಸೇನಾಧಿಕಾರಿಯೊಬ್ಬರ ಮನೆಗೆ ತಾನೇ ಹೋದಾಗ ಆತ ತಲೆಗೆ ಪಿಸ್ತೂಲು ಹಿಡಿದನೆಂದು ಚಾನ್ ಹೇಳಿಕೊಂಡಿದ್ದಾರೆ. ಅವತ್ತು ವಾಪಸಾದರು. ಮತ್ತೆ ಸಶಸ್ತ್ರ ಕಾವಲಿನ ಜೊತೆ ಪತ್ರಕರ್ತರನ್ನೂ ಕರೆದುಕೊಂಡು ಹೋಗಿ ಸಂಪರ್ಕ ಕಡಿದು ಬಂದರು. ಅಧಿಕಾರಿ ಆಮೇಲೆ ಬಾಕಿ ಕಟ್ಟಿದ.

2008ರ ಹೊತ್ತಿಗೆ ಲೆಕ್ಕಕ್ಕೆ ಸಿಗದ ನೀರು 72ರಿಂದ ಸುಮಾರು ಶೇ 6ಕ್ಕೆ ಇಳಿದಿತ್ತು. ಇಪ್ಪತ್ತನಾಲ್ಕು ತಾಸೂ ನೀರು. ಚಾನ್ ಅವರಿಗೆ 2006ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನನಗೆ ಪ್ರಶಸ್ತಿಗಿಂತ ಹೆಚ್ಚು ಹಿಡಿಸಿದ ಸಂಗತಿ ದರದ್ದು. ನೀರಿನ ದರವನ್ನು ಮೂರು ಕಂತಿನಲ್ಲಿ ಏರಿಸಬೇಕೆಂದು ಅವರು ಯೋಜಿಸಿದ್ದರು. ಎರಡು ಏರಿಕೆ ಆಯಿತು. ಮೂರನೆಯದು ಬೇಕೇ ಆಗಲಿಲ್ಲ, ಸೋರಿಕೆ ನಿಂತು ವಸೂಲಿ ಸರಿಹೋದದ್ದರಿಂದ ಆ ಹಣ ತಾನಾಗಿ ಬಂದಿತ್ತು. ದರ ಏರಿಕೆಯ ಕಡತ ಮೇಲೆ ಕಳಿಸುವಾಗ ಈ ಒಂದು ಸಾಲನ್ನು ದಯವಿಟ್ಟು ಟಿಪ್ಪಣಿಯಲ್ಲಿ ಸೇರಿಸಿ.

ಈ ಕಥೆಯಲ್ಲಿ ಜಪಾನಿನ ಕಿಟಕ್ಯುಶು ನಗರದ್ದೂ ಒಂದು ಪಾತ್ರವಿದೆ. 1999ರಿಂದ ಅಲ್ಲಿನ ನೀರು ಇಲಾಖೆಯ ನೌಕರರು ನಾಮ್ ಪೆನ್ನಿಗೆ ಬಂದು ಹೋಗತೊಡಗಿದರು. ಊರಿನ ಕೊಳವೆ ಜಾಲವನ್ನು ತುಂಡು ತುಂಡು ವಲಯಗಳಾಗಿ ಬೇರ್ಪಡಿಸಿ, ಪ್ರತಿ ವಲಯಕ್ಕೆ ಒಳಬರುವ ನೀರನ್ನು ಕಚೇರಿಯಲ್ಲಿ ಕೂತೇ ನೋಡುವ ವ್ಯವಸ್ಥೆ ಕಲಿಸಿದರು. ಎಲ್ಲರೂ ಮಲಗಿದ ಹೊತ್ತಿನಲ್ಲಿ ಒಂದು ವಲಯಕ್ಕೆ ನೀರು ಹರಿಯುತ್ತಲೇ ಇದ್ದರೆ ಅಲ್ಲಿ ಸೋರಿಕೆ ಇದೆ ಎಂದರ್ಥ. ಇಷ್ಟು ಸರಳ. ನೀವು ಡಿಎಂಎ ಎಂದು ಕರೆಯುವುದೂ ಇದನ್ನೇ. ಕಲಿಸಲು ಬಂದವರು ಮಾರಾಟಗಾರರಾಗಿರಲಿಲ್ಲ, ತಮ್ಮ ಊರಿನಲ್ಲಿ ಅದೇ ಕೆಲಸ ಮಾಡುವ ನೌಕರರಾಗಿದ್ದರು. ನೌಕರರು ನೌಕರರಿಗೆ ಹೇಳಿಕೊಟ್ಟದ್ದು ಉಳಿಯಿತು. ನಾನು ಇಡೀ ಪತ್ರದಲ್ಲಿ ಕೇಳುವುದು ಇದನ್ನೇ.

ನಮ್ಮ ಲೆಕ್ಕ ಹೇಗಿದೆ? 2024ರ ಮಾರ್ಚಿನಲ್ಲಿ, ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಬತ್ತಿದಾಗ, ನಗರಕ್ಕೆ ದಿನಕ್ಕೆ 50 ಕೋಟಿ ಲೀಟರ್ ಕೊರತೆ ಎಂದು ಮುಖ್ಯಮಂತ್ರಿಗಳು ಹೇಳಿದರು. ಆಗ ಕಾವೇರಿಯಿಂದ ಬರುತ್ತಿದ್ದದ್ದು 145 ಕೋಟಿ ಲೀಟರ್. ಅದರಲ್ಲಿ ಕಾಲು ಭಾಗಕ್ಕೂ ಹೆಚ್ಚು ಲೆಕ್ಕಕ್ಕೆ ಸಿಗುವುದಿಲ್ಲವೆಂದು ಮಂಡಳಿಯೇ ಒಪ್ಪುತ್ತದೆ. ಗುಣಿಸಿ ನೋಡಿ. ಕೊರತೆಯ ದೊಡ್ಡ ಪಾಲು ನಮ್ಮ ರಸ್ತೆಯ ಕೆಳಗೇ ಇತ್ತು. ಹಾಗೆ ಇಂಗಿಹೋಗುವ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಹಾದಿಯಲ್ಲಿ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ, ಕರೆಂಟು ಸುಟ್ಟು ಹತ್ತಿಸಿ ತಂದ ನೀರು.

ಅದೇ ಮಾರ್ಚಿನಲ್ಲಿ ಜಿಲ್ಲಾಡಳಿತ ಖಾಸಗಿ ಟ್ಯಾಂಕರುಗಳಿಗೆ ದರ ನಿಗದಿ ಮಾಡಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ಅಂದರೆ ಸಾವಿರ ಲೀಟರಿಗೆ ನೂರು. ಕಾವೇರಿ ಸಂಪರ್ಕವಿದ್ದ ಮನೆ ಆಗ ಮೊದಲ 8,000 ಲೀಟರಿಗೆ ಕಟ್ಟುತ್ತಿದ್ದದ್ದು ಸಾವಿರಕ್ಕೆ ಏಳು ರೂಪಾಯಿ. ಪೈಪು ಬಾರದ ಬಡಾವಣೆಯ ಬಾಡಿಗೆದಾರರು ಹದಿನಾಲ್ಕು ಪಟ್ಟು ಕೊಟ್ಟರು, ಅದೂ ನಿಗದಿಯಾದ ದರಕ್ಕೆ ಟ್ಯಾಂಕರ್ ಸಿಕ್ಕಿದ್ದರೆ. ಏಳು ರೂಪಾಯಿಯ ದರ ಬಡವರನ್ನು ಕಾಯುತ್ತದೆ ಎಂಬ ಮಾತನ್ನು ನಾನು ಅಂದಿನಿಂದ ಒಪ್ಪುವುದಿಲ್ಲ.

ಧಾರವಾಡದ ನನ್ನ ತವರಿನ ಬೀದಿಯಲ್ಲಿ ‘ನಳಾ ಬಂತು’ ಎಂಬ ಕೂಗು ಎದ್ದರೆ ಯಾವ ಹೊತ್ತಾದರೂ ಮನೆಯವರೆಲ್ಲ ಎದ್ದು ನಿಲ್ಲಬೇಕಿತ್ತು. ಐದು ದಿನಕ್ಕೊಮ್ಮೆ, ಎಂಟು ದಿನಕ್ಕೊಮ್ಮೆ. ಮೊದಲು ಬರುವುದು ಚಹಾದ ಬಣ್ಣದ ನೀರು. ಅದನ್ನು ಪಾಯಿಖಾನೆಯ ಡ್ರಮ್ಮಿಗೆ ಬಿಡಬೇಕು. ಐದಾರು ಕೊಡದ ನಂತರ ತಿಳಿಯಾದದ್ದನ್ನು ಬಿಳಿ ಬಟ್ಟೆ ಕಟ್ಟಿದ ತಾಮ್ರದ ಹಂಡೆಗೆ. ಕೊನೆಗೆ ಚರಿಗೆ, ತಟ್ಟೆ, ಕುಕ್ಕರ್, ಬೋಗುಣಿ, ಏನು ಕೈಗೆ ಸಿಕ್ಕಿತೋ ಅದಕ್ಕೆ. ಹೊಸ ನೀರು ಬಂದೊಡನೆ ಹಳೆಯ ನೀರನ್ನು ಅಂಗಳಕ್ಕೆ ಚೆಲ್ಲುತ್ತಿದ್ದೆವು. ಕೊರತೆಯ ಊರಿನಲ್ಲಿ ವಾರಕ್ಕೊಮ್ಮೆ ಹಾಗೆ ನೀರು ಚೆಲ್ಲುವುದು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ.

ಅದೇ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ, ಜೊತೆಗೆ ಬೆಳಗಾವಿ, ಕಲಬುರಗಿಗಳಲ್ಲಿ, ವಿಶ್ವಬ್ಯಾಂಕಿನ ಸಾಲದಿಂದ, ಫ್ರಾನ್ಸ್ ಮೂಲದ ಕಂಪನಿಯ ನಿರ್ವಹಣೆಯಲ್ಲಿ, 2008ರ ಸುಮಾರಿಗೆ ಇಪ್ಪತ್ತನಾಲ್ಕು ತಾಸು ನೀರು ಶುರುವಾಯಿತು. ನಿರಂತರ ನೀರು ಕೊಟ್ಟರೆ ಜನ ಪೋಲು ಮಾಡುತ್ತಾರೆ, ಭಾರತದಲ್ಲಿ ಅದು ಆಗದ ಮಾತು ಎನ್ನುತ್ತಿದ್ದವರ ಬಾಯಿ ಮುಚ್ಚಿತು. ಡ್ರಮ್ಮುಗಳು ಗುಜರಿಗೆ ಹೋದವು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಬಂದು, ನಿರಂತರ ನೀರಿನ ವಾರ್ಡುಗಳನ್ನೂ ಪಾಳಿಯ ನೀರಿನ ವಾರ್ಡುಗಳನ್ನೂ ಹೋಲಿಸಿ ಅಳೆದರು. ಪಾಳಿಯ ನಲ್ಲಿಗಳಲ್ಲಿ ರೋಗಾಣು ಸೂಚಕಗಳು ಬಹಳ ಹೆಚ್ಚು ಸಿಕ್ಕವು. ಒತ್ತಡವಿಲ್ಲದ ಖಾಲಿ ಕೊಳವೆ ಪಕ್ಕದ ಚರಂಡಿಯ ನೀರನ್ನು ಒಳಗೆಳೆದುಕೊಳ್ಳುತ್ತದೆ, ಆ ಚಹಾದ ಬಣ್ಣ ಬಂದದ್ದು ಅಲ್ಲಿಂದಲೂ. ಆದರೆ 2015ರಲ್ಲಿ ಪ್ರಕಟವಾದ ಅವರ ಅಧ್ಯಯನ ಇನ್ನೊಂದನ್ನೂ ಹೇಳಿತು: ಮಕ್ಕಳ ಭೇದಿಯಲ್ಲಿ ಒಟ್ಟಾರೆಯಾಗಿ ಗಟ್ಟಿಯಾಗಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ನೀರೊಂದೇ ಭೇದಿಗೆ ದಾರಿಯಲ್ಲ, ಶೌಚ, ತೊಳೆಯದ ಕೈ, ಚರಂಡಿ ಎಲ್ಲವೂ ಇವೆ.

ಈ ಫಲಿತಾಂಶವನ್ನು ನೀವು ಎಷ್ಟು ಮಂದಿ ಓದಿದ್ದೀರಿ ಎಂದು ಕೇಳಬೇಕೆನಿಸುತ್ತದೆ. ನಮ್ಮ ಊರಿನ ನಲ್ಲಿಯಲ್ಲಿ ಕಂಡದ್ದನ್ನು ಜಗತ್ತಿನ ನೀರು ತಜ್ಞರು ಉಲ್ಲೇಖಿಸುತ್ತಾರೆ. ಹುಬ್ಬಳ್ಳಿಯ ಪಾಲಿಕೆ ಕಚೇರಿಯಲ್ಲಿ ಅದರ ಕನ್ನಡ ಸಾರಾಂಶ ನನಗೆ ಸಿಕ್ಕಿಲ್ಲ. ಆ ವಾರ್ಡುಗಳಾಚೆ ಯೋಜನೆಯನ್ನು ಊರಿಗೆಲ್ಲ ಹಬ್ಬಿಸುವ ಕೆಲಸ ಕುಂಟುತ್ತಾ ಸಾಗಿದೆ. ಪಕ್ಕದ ಓಣಿಯಲ್ಲಿ ಗೆದ್ದದ್ದು ಈ ಓಣಿಗೆ ಯಾಕೆ ದಾಟುವುದಿಲ್ಲ ಎಂಬುದು ವಿದೇಶ ಪ್ರವಾಸಕ್ಕಿಂತ ದೊಡ್ಡ ಅಧ್ಯಯನದ ವಿಷಯ.

ಕೇಪ್‌ಟೌನ್ ಬಗ್ಗೆ ಚಿಕ್ಕದಾಗಿ. ನಮ್ಮ ಬರದ ಬೇಸಿಗೆಯಲ್ಲಿ ಎಲ್ಲ ಟಿ.ವಿ.ಗಳೂ ಆ ಊರಿನ ಹೆಸರು ಜಪಿಸಿದವು. 2018ರ ಫೆಬ್ರುವರಿ 1ರಿಂದ ಅಲ್ಲಿ ತಲೆಗೆ ದಿನಕ್ಕೆ 50 ಲೀಟರ್ ಮಿತಿ. ‘ಡೇ ಝೀರೋ’, ಅಂದರೆ ನಲ್ಲಿ ಬಂದ್ ಆಗಿ ಜನ ಸರದಿಯಲ್ಲಿ ನಿಂತು ನೀರು ಹಿಡಿಯಬೇಕಾದ ದಿನ, ಹತ್ತಿರ ಬಂದು ಬಂದು ದೂರ ಸರಿಯಿತು. ಮೂರು ವರ್ಷದಲ್ಲಿ ಊರು ತನ್ನ ಬಳಕೆಯನ್ನು ಅರ್ಧಕ್ಕಿಂತ ಕೆಳಗಿಳಿಸಿತು. ಪಾಲಿಕೆ ಅಣೆಕಟ್ಟೆಯ ಮಟ್ಟವನ್ನು ವಾರವಾರ ಪ್ರಕಟಿಸಿತು. ಇಷ್ಟು ಎಲ್ಲರಿಗೂ ಗೊತ್ತು. ಆಮೇಲಿನದನ್ನು ಕೇಳಿಕೊಂಡು ಬನ್ನಿ. ಜನ ನೀರು ಉಳಿಸಿದಂತೆ ಪಾಲಿಕೆಯ ಆದಾಯ ಕುಸಿಯಿತು. ಅದನ್ನು ತುಂಬಲು ಕೊಳವೆಯ ಅಗಲಕ್ಕೆ ತಕ್ಕಂತೆ ತಿಂಗಳ ನಿಗದಿತ ಶುಲ್ಕ ಹಾಕಿದರು, ಉಳಿಸಿದವರು ಸಿಟ್ಟಾದರು. ಸ್ಥಿತಿವಂತರು ಹಿತ್ತಲಲ್ಲಿ ಬೋರ್ ಕೊರೆಸಿಕೊಂಡು ಪಾಲಿಕೆಯ ಬಿಲ್ಲಿನಿಂದಲೇ ತಪ್ಪಿಸಿಕೊಂಡರು. ಅವರ ಬಿಲ್ಲಿನ ಆಸರೆಯಲ್ಲೇ ಬಡವರಿಗೆ ಕಡಿಮೆ ದರ ನಿಂತಿತ್ತು. ಬೋರ್‌ವೆಲ್ಲಿನ ರಾಜಧಾನಿಯಲ್ಲಿ ಕೂತ ನಮಗೆ ಈ ಭಾಗವೇ ಮುಖ್ಯ.

ಹಾಗೆಂದು ಬರಿಗೈಯಲ್ಲಿ ಹೋಗಬೇಡಿ. ಕಲಿಸಲು ನಮ್ಮಲ್ಲೂ ಸರಕಿದೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್‌ವರೆಗೆ ಕೋಲಾರದ ಕಡೆಗೆ ಹರಿಸಿ, 126 ಕೆರೆಗಳನ್ನು ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯಂಥದು ಜಗತ್ತಿನಲ್ಲಿ ಹೆಚ್ಚಿಲ್ಲ. ನೀರನ್ನು ಕೆರೆಯಿಂದ ನೇರವಾಗಿ ಎತ್ತುವಂತಿಲ್ಲ, ಅಂತರ್ಜಲಕ್ಕೆ ಇಂಗಿದ್ದನ್ನು ಮಾತ್ರ ಬಳಸಬೇಕು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರದ ಕೆರೆಗೆ ಮೊದಲ ನೀರು ಬಂತು. ಸಾವಿರ ಅಡಿಗಿಂತ ಆಳಕ್ಕೆ ಬೋರ್ ಕೊರೆಸಿ ಸೋತಿದ್ದ ರೈತರು ಆರತಿ ಎತ್ತಿದರು. ಮುಂದಿನ ತಿಂಗಳು ಅದೇ ಕೆರೆಯಲ್ಲಿ ನೊರೆ ಕಂಡಿತು, ವಿಷಯ ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೆ. ತಡೆಯಾಜ್ಞೆ ಬಂತು, ತೆರವಾಯಿತು, ನೀರು ಹರಿಯುತ್ತಿದೆ, ಬಾವಿಗಳಲ್ಲಿ ನೀರು ಮೇಲೆ ಬಂದಿದೆ. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಹೋರಾಟವೂ ನಡೆಯುತ್ತಿದೆ. ಹೋರಾಟಗಾರರ ಮಾತಿನಲ್ಲಿ ನ್ಯಾಯವಿದೆ. ಟೊಮೆಟೊ, ಹಿಪ್ಪುನೇರಳೆ, ಹಸುವಿನ ಹಾಲಿನ ಮೂಲಕ ಆ ನೀರು ನಮ್ಮ ತಟ್ಟೆಗೇ ಮರಳುತ್ತದೆ. ಹೊರದೇಶದ ವೇದಿಕೆಯಲ್ಲಿ ಇದನ್ನು ಹೇಳುವಾಗ ನೊರೆಯ ಫೋಟೋವನ್ನೂ ತೋರಿಸಿ. ಸಿಂಗಪುರದವರ 1974ರ ಸೋಲು ನಮಗೆ ಉಪಯೋಗಕ್ಕೆ ಬಂದಂತೆ ನಮ್ಮ ನೊರೆ ಇನ್ನಾವುದೋ ಊರಿಗೆ ಉಪಯೋಗಕ್ಕೆ ಬಂದೀತು.

ಮಳೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ತೊರೆಕಾಡನಹಳ್ಳಿಯ ಪಂಪ್‌ಹೌಸ್ ಪ್ರವಾಹದಲ್ಲಿ ಮುಳುಗಿ, ಹೊರವರ್ತುಲ ರಸ್ತೆಯಲ್ಲಿ ದೋಣಿ ಓಡುತ್ತಿದ್ದ ದಿನವೇ ನಲ್ಲಿಗಳು ಒಣಗಿದ್ದು ನಿಮಗೆ ನೆನಪಿರುತ್ತದೆ. ಕೋಪನ್‌ಹೇಗನ್‌ನಲ್ಲಿ 2011ರ ಜುಲೈ 2ರಂದು ಎರಡು ತಾಸಿನಲ್ಲಿ 150 ಮಿ.ಮೀ. ಹತ್ತಿರ ಮಳೆ ಸುರಿದಾಗ ಅವರೂ ಹೀಗೇ ಕಂಗಾಲಾಗಿದ್ದರು. ಮರುವರ್ಷ ಯೋಜನೆ ಬರೆದು, ಉದ್ಯಾನ, ಆಟದ ಮೈದಾನ, ರಸ್ತೆಗಳನ್ನೇ ತಾತ್ಕಾಲಿಕ ಕೆರೆ, ಕಾಲುವೆಗಳಾಗಿ ರೂಪಿಸಲು ಹೊರಟರು. ಇದನ್ನು ನೋಡಲು ಡೆನ್ಮಾರ್ಕಿನವರೆಗೆ ಹೋಗಬೇಕೇ ಎಂದು, ಹಿಂದೆ ಊರಿನ ಕೆರೆ-ಕಾಲುವೆಯ ನೀರು ನೋಡಿಕೊಳ್ಳುತ್ತಿದ್ದ ನೀರುಗಂಟಿಯ ಮೊಮ್ಮಗ ಯಾರಾದರೂ ಕೇಳಿದರೆ ಉತ್ತರ ಹೇಳುವುದು ನಿಮಗೆ ಬಿಟ್ಟದ್ದು.

ಕೊನೆಯದಾಗಿ, ಯಾರು ಹೋಗಬೇಕು ಎಂಬುದು. ನಮ್ಮ ಬೀದಿಗೆ ದಿನ ಬಿಟ್ಟು ದಿನ ಬೆಳಗಿನ ಜಾವ ವಾಲ್ವ್‌ಮನ್ ಬರುತ್ತಾರೆ. ಬೈಕಿನಿಂದ ಇಳಿದು, ರಸ್ತೆಯ ಮುಚ್ಚಳ ಎತ್ತಿ, ಟಿ ಆಕಾರದ ಆಳುದ್ದದ ಕಬ್ಬಿಣದ ಕೀಲಿ ಇಳಿಸಿ, ಎಣಿಸಿಕೊಂಡು ಸುತ್ತು ತಿರುಗಿಸುತ್ತಾರೆ. ಅರ್ಧ ಸುತ್ತು ಹೆಚ್ಚಾದರೆ ತಗ್ಗಿನ ಮನೆಗಳ ಸಂಪು ತುಂಬಿ ರಸ್ತೆಗೆ ಹರಿಯುತ್ತದೆ, ಕಡಿಮೆಯಾದರೆ ಏರಿನ ಮೇಲಿನ ನಾಲ್ಕು ಮನೆಗೆ ಹನಿಯೂ ಇಲ್ಲ. ಒಂದು ಬೆಳಿಗ್ಗೆ ಅವರು ಕೀಲಿಯ ಹಿಡಿಗೆ ಕಿವಿಯಾನಿಸಿ ನಿಂತದ್ದನ್ನು ನೋಡಿ ಏನೆಂದು ಕೇಳಿದೆ. “ಒಳಗೆ ಸದ್ದು ಬೇರೆ ಥರ ಐತೆ ಮೇಡಂ, ಎಲ್ಲೋ ಒಡೆದೈತೆ” ಎಂದರು. ಮೂರು ದಿನ ಬಿಟ್ಟು ಮೂಲೆಯ ಬೇಕರಿ ಮುಂದೆ ರಸ್ತೆ ಜಿನುಗತೊಡಗಿತು. ಟೋಕಿಯೊದಲ್ಲಿ ಇದೇ ಕೆಲಸಕ್ಕೆ ತರಬೇತಿ ಪಡೆದ ತಂಡಗಳು ರಾತ್ರಿ ಊರು ಮಲಗಿದ ಮೇಲೆ ಉಕ್ಕಿನ ಕಡ್ಡಿಯನ್ನು ನೆಲಕ್ಕೂರಿ ಕಿವಿಗೊಟ್ಟು ಹೋಗುತ್ತವೆ. ಅವರನ್ನು ಪಳಗಿಸಲು ಬೇಕೆಂದೇ ಸೋರುವ ಕೊಳವೆಗಳನ್ನು ಹೂತಿಟ್ಟ ತರಬೇತಿ ಅಂಗಳವೇ ಇದೆ. ಆ ನಗರದ ಸೋರಿಕೆ ಶೇ 3ರ ಆಸುಪಾಸು. ನಮ್ಮ ವಾಲ್ವ್‌ಮನ್ ಅದನ್ನು ಯಾರೂ ಕಲಿಸದೆ ಕಲಿತಿದ್ದಾರೆ. ಅವರದು ಗುತ್ತಿಗೆ ನೌಕರಿ, ಕೇಳಿದ ಸದ್ದನ್ನು ಬರೆದಿಡಲು ಅವರಿಗೊಂದು ರಿಜಿಸ್ಟರ್ ಇಲ್ಲ.

ಮುಂದಿನ ನಿಯೋಗದಲ್ಲಿ ಹತ್ತು ಜನ ಹೋಗುವುದಾದರೆ ಇಬ್ಬರು ವಾಲ್ವ್‌ಮನ್‌ಗಳು, ಒಬ್ಬ ಮೀಟರ್ ರೀಡರ್, ಬಿಲ್ಲಿಂಗ್ ವಿಭಾಗದ ಒಬ್ಬ ಗುಮಾಸ್ತೆ ಇರಲಿ. ಕೋಲಾರದ ಕೆರೆ ಬಳಕೆದಾರರ ಪೈಕಿ ಒಬ್ಬರಿರಲಿ. ಭಾಷೆಯ ಚಿಂತೆ ಬೇಡ, ನಾಮ್ ಪೆನ್ನಿನವರಿಗೆ ಜಪಾನಿ ಬರುತ್ತಿರಲಿಲ್ಲ. ಜಾಗ ಸಾಲದಿದ್ದರೆ ರಾಜಕೀಯದವರ ಸೀಟಿನಲ್ಲಿ ಎರಡು ಕಡಿಮೆ ಮಾಡಿ, ಅದನ್ನು ನಾನು ಹೇಳಿದೆನೆಂದೇ ಹೇಳಿ. ಬಂದ ಮೇಲಿನ ವರದಿ ಕನ್ನಡದಲ್ಲಿರಲಿ, ಉಪವಿಭಾಗದ ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಹಾಕಿ. ಅದರಲ್ಲಿ ಅವರ ಯಂತ್ರದ ಬೆಲೆಯ ಪಕ್ಕದಲ್ಲಿ, ಅದನ್ನು ನಡೆಸಲು ಎಷ್ಟು ಜನ, ಎಷ್ಟು ಪಾಳಿ, ಎಷ್ಟು ಸಂಬಳ ಎಂಬ ಕಾಲಮ್ಮು ಇರಲಿ. ಆರು ತಿಂಗಳ ನಂತರ ಒಂದು ವಾರ್ಡನ್ನು ಆರಿಸಿಕೊಂಡು, ಬೇಕಾದರೆ ನಮ್ಮದನ್ನೇ, ರಾತ್ರಿ ಎರಡು ಗಂಟೆಗೆ ಒಳಬರುವ ನೀರು ಎಷ್ಟೆಂದು ಅಳೆದು ಆ ಅಂಕಿಯನ್ನು ಬೋರ್ಡಿನ ಮೇಲೆ ಬರೆಯಿರಿ. ಬಂದು ಓದುತ್ತೇನೆ.

ಶುಭ ಪ್ರಯಾಣ.

ಇಂತು,
ಪೂರ್ವ ಬೆಂಗಳೂರಿನ ಒಬ್ಬ ಬಳಕೆದಾರಳು